ಎಂಬತ್ತು ಸಾವಿರ ಡಾಲರ್ ಟ್ರಕ್ಕಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಅಮೆರಿಕದ ಯಾವುದಾದರೂ ಊರಿನ ಹೊರಭಾಗದಲ್ಲಿ ಬೆಳಿಗ್ಗೆ ಐದೂವರೆಗೆ ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕ್ ಹತ್ತಿರ ನಿಂತು ನೋಡಿ. ಪಿಕಪ್ ಟ್ರಕ್ಕುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಟ್ರಕ್ ಅಂದರೆ ಇಲ್ಲಿ ಲಾರಿ ಅಲ್ಲ. ಮುಂದೆ ಕಾರಿನಂಥ ನಾಲ್ಕು ಬಾಗಿಲಿನ ಕ್ಯಾಬಿನ್, ಹಿಂದೆ ಸಾಮಾನು ಹಾಕಲು ತೆರೆದ ಬೆಡ್. ಇಳಿದು ಬರುವವರ ಬೂಟಿಗೆ ನಿನ್ನೆಯ ಮಣ್ಣು ಇನ್ನೂ ಮೆತ್ತಿಕೊಂಡಿರುತ್ತದೆ. ಬಾಗಿಲು ತೆರೆದಾಗ ಒಳಗೆ ಕಾಣುವುದು ಚರ್ಮದ ಸೀಟು, ಟಿವಿಯಷ್ಟು ದೊಡ್ಡ ಪರದೆ. ಇಂಥ ಒಂದು ಗಾಡಿಗೆ 80 ಸಾವಿರ ಡಾಲರ್ ಬೀಳುವುದು ಈಗ ಅಪರೂಪವೇನಲ್ಲ.

ಈಗ ಇನ್ನೊಂದು ಅಂಕಿ ನೋಡಿ. 2024ರಲ್ಲಿ ಅಮೆರಿಕದ ಮಧ್ಯಮ ಕುಟುಂಬದ ವರ್ಷದ ಆದಾಯ 83,730 ಡಾಲರ್. ಅಂದರೆ ಅರ್ಧದಷ್ಟು ಮನೆಗಳ ಆದಾಯ ಇದಕ್ಕಿಂತ ಕಡಿಮೆ, ಅರ್ಧದಷ್ಟು ಮನೆಗಳದ್ದು ಜಾಸ್ತಿ. ಅದೂ ತೆರಿಗೆ ಕಟ್ಟುವ ಮೊದಲಿನ ಲೆಕ್ಕ. ಮನೆಮಂದಿಯೆಲ್ಲ ಒಂದು ವರ್ಷ ದುಡಿದದ್ದು ಒಂದು ಗಾಡಿಗೆ ಸಮ. ಆದರೂ ರಸ್ತೆ ತುಂಬ ಇವೇ ಓಡಾಡುತ್ತವೆ. ಹೇಗೆ?

ಇವರಿಗೆಲ್ಲ ಎಷ್ಟು ಸಂಬಳ ಬರಬಹುದು ಅಂತ ನಾನೂ ಬಹಳ ದಿನ ಯೋಚಿಸಿದ್ದೆ. ಆಮೇಲೆ ಗೊತ್ತಾಯಿತು, ನಾನು ನೋಡುತ್ತಿದ್ದ ಜಾಗವೇ ತಪ್ಪು. ಒಂದೇ ಸಂಬಳದ ಇಬ್ಬರಲ್ಲಿ ಒಬ್ಬರಿಗೆ ಈ ಟ್ರಕ್ ಸಲೀಸಾಗಿ ಸಿಗುತ್ತದೆ, ಇನ್ನೊಬ್ಬರಿಗೆ ಅದು ಕುತ್ತಿಗೆಗೆ ಉರುಳಾಗುತ್ತದೆ. ವ್ಯತ್ಯಾಸ ಇರುವುದು ಅವರು ಬೇರೆ ಏನೇನಕ್ಕೆ ದುಡ್ಡು ಕಟ್ಟುತ್ತಿದ್ದಾರೆ, ಏನೇನಕ್ಕೆ ಕಟ್ಟುತ್ತಿಲ್ಲ ಅನ್ನುವುದರಲ್ಲಿ.

ಮೊದಲು ಬೆಲೆಯ ಬಗ್ಗೆ ಎರಡು ಮಾತು. ಫೋರ್ಡ್ ಕಂಪನಿಯ ಎಫ್ ಸೀರೀಸ್ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಅದರಲ್ಲಿ ಎಫ್-150ರ ಸಾದಾ ಮಾದರಿ 'ಎಕ್ಸ್ಎಲ್'ಗೆ 40 ಸಾವಿರ ಡಾಲರ್ ಆಸುಪಾಸು. ಅದೇ ಗಾಡಿಯ 'ಪ್ಲಾಟಿನಂ' ಮಾದರಿಗೆ ಹೋದರೆ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ಮೂಲ ಗಾಡಿ ಒಂದೇ. ಏರಿದ ದುಡ್ಡಿನಲ್ಲಿ ಬಹುಪಾಲು ಸೀಟಿಗೆ, ಪರದೆಗೆ, ಎಂಜಿನ್ ಆಯ್ಕೆಗೆ, ಹೊಳಪಿಗೆ ಹೋಗುತ್ತದೆ.

ಹೊರದೇಶದ ಅಗ್ಗದ ಪಿಕಪ್‌ಗಳು ಅಲ್ಲಿ ಹೆಚ್ಚು ಕಾಣದಿರುವುದಕ್ಕೂ ಒಂದು ಹಳೇ ಕತೆ ಇದೆ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಅಮೆರಿಕದ ಕೋಳಿ ಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಉತ್ತರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬ್ರಾಂಡಿ, ಆಲೂಗಡ್ಡೆ ಪಿಷ್ಟದಂಥ ಸರಕುಗಳ ಜೊತೆ ಹಗುರ ಟ್ರಕ್ಕುಗಳ ಮೇಲೂ 25% ಆಮದು ಸುಂಕ ಹಾಕಿದರು. 1964ರಲ್ಲಿ ಅದು ಜಾರಿಗೆ ಬಂತು. ಉಳಿದ ಸುಂಕಗಳು ಕಾಲಕ್ರಮೇಣ ಬಿದ್ದುಹೋದವು, ಟ್ರಕ್ಕಿನದು ಮಾತ್ರ ಉಳಿಯಿತು. ಕೋಳಿಯಿಂದ ಹುಟ್ಟಿದ ಆ ಸುಂಕ ಅಮೆರಿಕದ ಟ್ರಕ್ ಕಂಪನಿಗಳಿಗೆ ದಶಕಗಟ್ಟಲೆ ಬೇಲಿಯಾಗಿ ನಿಂತಿತು.

ಇನ್ನು ಕೊಳ್ಳುವವರ ಕಡೆ ಬರೋಣ.

ಲೈನ್‌ಮನ್ ಮತ್ತು ಓವರ್‌ಟೈಮ್

ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 90 ಸಾವಿರ ಡಾಲರ್ ಸಿಗುತ್ತದೆ. ಇದು ಮಧ್ಯಮ ಲೆಕ್ಕ, ಅನುಭವಿಗಳಿಗೆ ಇನ್ನೂ ಜಾಸ್ತಿ. ಆದರೆ ಟ್ರಕ್ ಕೊಳ್ಳುವ ಶಕ್ತಿ ಬರುವುದು ಈ ಅಂಕಿಯಿಂದಲ್ಲ, ಓವರ್‌ಟೈಮಿನಿಂದ.

1938ರ ಕಾರ್ಮಿಕ ಕಾನೂನಿನ ಪ್ರಕಾರ, ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಹೆಚ್ಚಿನವರಿಗೆ ವಾರಕ್ಕೆ 40 ಗಂಟೆ ದಾಟಿದ ಮೇಲೆ ಪ್ರತಿ ಗಂಟೆಗೆ ಒಂದೂವರೆ ಪಟ್ಟು ಕೊಡಲೇಬೇಕು. ಗಂಟೆಗೆ 45 ಡಾಲರ್ ಪಡೆಯುವವನ 40 ಗಂಟೆಯ ವಾರಕ್ಕೆ 1,800 ಡಾಲರ್. ಅವನೇ 60 ಗಂಟೆ ದುಡಿದರೆ 3,150. ಅರ್ಧದಷ್ಟು ಕೆಲಸ ಜಾಸ್ತಿಯಾಯಿತು, ದುಡ್ಡು ಮುಕ್ಕಾಲು ಪಾಲು ಜಾಸ್ತಿಯಾಯಿತು. ಎಲ್ಲೋ ಚಂಡಮಾರುತ ಬಂದು ಲೈನುಗಳೆಲ್ಲ ಮುರಿದು ಬಿದ್ದರೆ ಬೇರೆ ರಾಜ್ಯಗಳಿಂದಲೂ ತಂಡಗಳು ಹೊರಡುತ್ತವೆ. ದಿನಕ್ಕೆ 16 ಗಂಟೆ ಕೆಲಸ. ಯೂನಿಯನ್ ಒಪ್ಪಂದ ಇದ್ದರೆ ಎಷ್ಟೋ ಕಡೆ ಎರಡು ಪಟ್ಟು ಕೂಲಿ. ಊಟ, ವಸತಿ ಕಂಪನಿಯದ್ದೇ. ಹೊರಗೆ ಹೋದ ಮೂರು ವಾರ ಖರ್ಚು ಮಾಡಲು ಪುರುಸೊತ್ತೇ ಇರುವುದಿಲ್ಲ, ಬಂದ ದುಡ್ಡು ಹಾಗೇ ಉಳಿಯುತ್ತದೆ. ಆ ದುಡ್ಡು ಎಷ್ಟೋ ಸಲ ಹೊಸ ಟ್ರಕ್ಕಿನ ಡೌನ್ ಪೇಮೆಂಟ್ ಆಗುತ್ತದೆ.

ಇಂಥ ಕೆಲಸಗಳಲ್ಲಿ ಇನ್ನೊಂದು ಅನುಕೂಲವೂ ಇದೆ. ಲೈನ್‌ಮನ್, ಎಲೆಕ್ಟ್ರಿಷಿಯನ್, ಪ್ಲಂಬರ್ ಆಗುವವರು ನಾಲ್ಕೈದು ವರ್ಷ ಅಪ್ರೆಂಟಿಸ್ ಆಗಿರುತ್ತಾರೆ. ಆ ಕಾಲದಲ್ಲೂ ಸಂಬಳ ಬರುತ್ತಿರುತ್ತದೆ. ಅದೇ ವಯಸ್ಸಿನಲ್ಲಿ ಕಾಲೇಜಿಗೆ ಹೋದವರು ಎಷ್ಟೋ ಮಂದಿ ಸಾಲ ಮಾಡಿ ಓದುತ್ತಿರುತ್ತಾರೆ. ಇಪ್ಪತ್ತೈದಕ್ಕೆ ಬರುವಷ್ಟರಲ್ಲಿ ಒಬ್ಬನ ಹತ್ತಿರ ಉಳಿತಾಯ, ಇನ್ನೊಬ್ಬನ ತಲೆ ಮೇಲೆ ತಿಂಗಳ ಕಂತು. ಕೈಗೆ ಗ್ರೀಸ್ ಮೆತ್ತಿಕೊಂಡವನ ಟ್ರಕ್ ನೋಡಿ ಆಫೀಸಿನವರು ಬೆರಗಾಗುವುದು ಇದನ್ನು ಮರೆತಾಗ. ಆ ದುಡ್ಡಿನ ಹಿಂದೆ ಮಂಜಿನಲ್ಲಿ, ಗಾಳಿಯಲ್ಲಿ ಕಂಬದ ತುದಿಗೆ ನೇತಾಡಿದ ಗಂಟೆಗಳಿವೆ. ಅದು ಪೂರ್ತಿ ನ್ಯಾಯವಾದ ದುಡಿಮೆ ಅಂತಲೇ ನಾನು ಅಂದುಕೊಂಡಿದ್ದೇನೆ.

ಆದರೆ ಓವರ್‌ಟೈಮ್ ದುಡ್ಡಿಗೆ ಒಂದು ಗುಣ ಇದೆ. ಬಂದಷ್ಟೇ ಬೇಗ ನಿಲ್ಲುತ್ತದೆ. ಟೆಕ್ಸಸ್‌ನ ಮಿಡ್‌ಲ್ಯಾಂಡ್, ನಾರ್ತ್ ಡಕೋಟಾದ ವಿಲ್ಲಿಸ್ಟನ್ ಸುತ್ತಮುತ್ತಲಿನ ತೈಲ ಬಾವಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ಮೇಲಿತ್ತು. 2016ರ ಆರಂಭಕ್ಕೆ 30 ಡಾಲರ್‌ಗಿಂತ ಕೆಳಗೆ ಬಂತು. ರಿಗ್‌ಗಳು ನಿಂತವು, ಓವರ್‌ಟೈಮ್ ನಿಂತಿತು, ಎಷ್ಟೋ ಮಂದಿಯ ಕೆಲಸವೇ ಹೋಯಿತು. ಟ್ರಕ್ಕಿನ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಲೇ ಇತ್ತು. ಅದಕ್ಕೇ ಇಂಥ ಕಸುಬಿನ ಜಾಣರು ಕಂತಿನ ಲೆಕ್ಕ ಹಾಕುವಾಗ 40 ಗಂಟೆಯ ಸಂಬಳವನ್ನಷ್ಟೇ ಹಿಡಿಯುತ್ತಾರೆ. ಓವರ್‌ಟೈಮ್ ಬಂದರೆ ಅದು ಸಾಲದ ಅಸಲು ತೀರಿಸಲು ಹೋಗುತ್ತದೆ.

'ಬಿಸಿನೆಸ್ ಖರ್ಚಿಗೆ ಹಾಕಿದೆ'

ಸ್ವಂತ ಕಾಂಟ್ರಾಕ್ಟ್ ಮಾಡುವವರನ್ನು ಕೇಳಿದರೆ ಈ ಮಾತು ಬರುತ್ತದೆ. ಇದು ಅರ್ಧ ಸತ್ಯ. ಕೇಳಿದವರು ಮಾತ್ರ ಸರ್ಕಾರವೇ ಟ್ರಕ್ ಕೊಡಿಸಿತು ಅಂದುಕೊಳ್ಳುತ್ತಾರೆ.

ನಡೆಯುವುದು ಹೀಗೆ. ಅಮೆರಿಕದ ತೆರಿಗೆ ಕಾನೂನಿನ 179ನೇ ಸೆಕ್ಷನ್ ಪ್ರಕಾರ, ವ್ಯಾಪಾರಕ್ಕೆ ಕೊಂಡ ಯಂತ್ರ, ವಾಹನಗಳ ಬೆಲೆಯನ್ನು ವರ್ಷವರ್ಷ ಸ್ವಲ್ಪ ಸ್ವಲ್ಪ ಸವಕಳಿ ಅಂತ ತೋರಿಸುವ ಬದಲು ಕೊಂಡ ವರ್ಷವೇ ಆದಾಯದಿಂದ ಕಳೆಯಬಹುದು. ಮಾಮೂಲಿ ಕಾರಿಗೆ ಇದರಲ್ಲಿ ಬಿಗಿಯಾದ ಮಿತಿ ಇದೆ. ಗಾಡಿಯ ತೂಕ ಮತ್ತು ಅದು ಹೊರಬಲ್ಲ ಗರಿಷ್ಠ ಭಾರ ಸೇರಿ 6,000 ಪೌಂಡ್, ಅಂದರೆ ಸುಮಾರು 2,720 ಕೆಜಿ, ದಾಟಿದರೆ ಆ ಮಿತಿ ಸಡಿಲವಾಗುತ್ತದೆ. ದೊಡ್ಡ ಪಿಕಪ್‌ಗಳೆಲ್ಲ ಇದನ್ನು ಸುಲಭವಾಗಿ ದಾಟುತ್ತವೆ. ಅಲ್ಲೂ ಒಂದು ಅಳತೆಪಟ್ಟಿ ಇದೆ. ಹಿಂದಿನ ಬೆಡ್ ಕನಿಷ್ಠ 6 ಅಡಿ ಉದ್ದ ಇರಬೇಕು. ಇಲ್ಲದಿದ್ದರೆ ಎಸ್‌ಯುವಿಗೆ ಇರುವ ಮಿತಿಯೇ ಅನ್ವಯ, 2024ರಲ್ಲಿ ಅದು 30,500 ಡಾಲರ್. ಮನೆಮಂದಿ ಆರಾಮಾಗಿ ಕೂರುವ ನಾಲ್ಕು ಬಾಗಿಲಿನ ಎಫ್-150ಗಳು ಹೆಚ್ಚಾಗಿ ಬರುವುದು ಐದೂವರೆ ಅಡಿ ಬೆಡ್‌ನಲ್ಲಿ. ಅಂಥ ಗಾಡಿ ಕೊಂಡವರು ಉಳಿದ ಮೊತ್ತಕ್ಕೆ 'ಬೋನಸ್ ಸವಕಳಿ' ಅನ್ನುವ ಇನ್ನೊಂದು ನಿಯಮ ಬಳಸುತ್ತಾರೆ. 2025ರ ಜನವರಿ 19ರ ನಂತರ ಕೊಂಡ ಗಾಡಿಗೆ ಅದು ಮತ್ತೆ 100% ಆಗಿದೆ, ಅಂದರೆ ಉಳಿದ ಬೆಲೆ ಪೂರ್ತಿಯನ್ನೂ ಕೊಂಡ ವರ್ಷವೇ ಕಳೆಯಬಹುದು.

ಇಷ್ಟಾದರೂ ಗಾಡಿ ಪುಕ್ಕಟೆ ಆಗುವುದಿಲ್ಲ. 80 ಸಾವಿರ ಕಳೆಯುವುದು ಆದಾಯದಿಂದ, ತೆರಿಗೆಯಿಂದ ಅಲ್ಲ. ಆ 80 ಸಾವಿರ ಪೂರ್ತಿಯಾಗಿ 24% ತೆರಿಗೆ ಹಂತದಲ್ಲೇ ಬೀಳುತ್ತದೆ ಅಂದುಕೊಂಡರೂ ಆದಾಯ ತೆರಿಗೆಯಲ್ಲಿ ಉಳಿಯುವುದು 19,200 ಡಾಲರ್. ಮಿಕ್ಕ 60,800 ಕಿಸೆಯಿಂದಲೇ ಹೋಗಬೇಕು. ಜೊತೆಗೆ ಗಾಡಿಯ ಬಳಕೆ ಅರ್ಧಕ್ಕಿಂತ ಜಾಸ್ತಿ ವ್ಯಾಪಾರಕ್ಕೇ ಇರಬೇಕು, ಮೈಲಿ ಲೆಕ್ಕ ಬರೆದಿಟ್ಟಿರಬೇಕು. ಶೇಕಡಾ 70 ವ್ಯಾಪಾರಕ್ಕೆ ಓಡಿಸಿದರೆ ಬೆಲೆಯ ಶೇಕಡಾ 70ಕ್ಕೆ ಮಾತ್ರ ವಿನಾಯಿತಿ. ಟ್ರೇಲರ್ ಎಳೆಯಲು, ಸಾಮಾನು ಸಾಗಿಸಲು ಗಾಡಿ ಹೇಗಿದ್ದರೂ ಬೇಕಾಗಿತ್ತು ಅನ್ನುವವರಿಗೆ ಇದು ದೊಡ್ಡ ಸಹಾಯ. ಸುಮ್ನೆ ತೆರಿಗೆ ಉಳಿಸಲು ಗಾಡಿ ಕೊಂಡವರು 19 ಸಾವಿರ ಉಳಿಸಲು 80 ಸಾವಿರ ಖರ್ಚು ಮಾಡಿದಂತೆ.

ಟ್ರಕ್ ಕೊಡಿಸಿದ್ದು ಮನೆ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡೋಣ. ಇಬ್ಬರದೂ ಒಂದೇ ಆಫೀಸು, ಒಂದೇ ಸಂಬಳ. ಮನೆಗೆ ಇಬ್ಬರೂ ತೆಗೆದದ್ದು 3 ಲಕ್ಷ ಡಾಲರ್ ಸಾಲ, ಅವಧಿ 30 ವರ್ಷ. ಮೊದಲನೆಯವರು 2021ರ ಆರಂಭದಲ್ಲಿ ತೆಗೆದುಕೊಂಡರು. ಆಗ ಅಮೆರಿಕದಲ್ಲಿ ಮನೆ ಸಾಲದ ಬಡ್ಡಿ ಹಿಂದೆಂದೂ ಇಲ್ಲದಷ್ಟು ಇಳಿದಿತ್ತು. 3% ಸಿಕ್ಕಿತು ಅಂದುಕೊಳ್ಳಿ. ಕಂತು 1,265 ಡಾಲರ್. ಎರಡನೆಯವರು ಎರಡೇ ವರ್ಷ ಕಾದು 2023ರಲ್ಲಿ ತೆಗೆದುಕೊಂಡರು. ಹಣದುಬ್ಬರ ತಡೆಯಲು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತಾ ಹೋಗಿದ್ದರಿಂದ ಅವರಿಗೆ 7% ಬಿತ್ತು. ಕಂತು 1,996 ಡಾಲರ್.

ತಿಂಗಳಿಗೆ 731 ಡಾಲರ್ ವ್ಯತ್ಯಾಸ. ಅಮೆರಿಕದಲ್ಲಿ ಹೊಸ ಗಾಡಿ ಸಾಲದ ಸರಾಸರಿ ಕಂತು ಇದರ ಆಸುಪಾಸಿನಲ್ಲೇ ಇದೆ. ಅಂದರೆ ಮೊದಲನೆಯವರಿಗೆ ಒಂದು ಹೊಸ ಗಾಡಿಯ ಕಂತನ್ನು ಮನೆಯೇ ತಿಂಗಳು ತಿಂಗಳು ಉಳಿಸಿಕೊಡುತ್ತಿದೆ. ಅಮೆರಿಕದಲ್ಲಿ ಮನೆ ಸಾಲದ ಬಡ್ಡಿ ಹೆಚ್ಚಾಗಿ 30 ವರ್ಷವೂ ಬದಲಾಗುವುದಿಲ್ಲ. ಹಾಗಾಗಿ ಈ ಉಳಿತಾಯವೂ ವರ್ಷಗಟ್ಟಲೆ ಮುಂದುವರಿಯುತ್ತದೆ. ಪಕ್ಕದ ಮನೆಯ ಅಂಗಳದಲ್ಲಿ ನಿಂತ ಟ್ರಕ್ ನೋಡಿ 'ಇವರಿಗೆ ನನಗಿಂತ ಎಷ್ಟು ಜಾಸ್ತಿ ಸಂಬಳ' ಅಂತ ಕೊರಗುವವರು ನೋಡಬೇಕಾದ್ದು ಆ ಮನೆ ಕೊಂಡ ತಾರೀಖನ್ನು.

ಇದೇ ತರ್ಕ ಉಳಿದ ಖರ್ಚಿಗೂ ಸಲ್ಲುತ್ತದೆ. ಎಳೆ ಮಗುವಿನ ಡೇ ಕೇರ್‌ಗೆ ಅಮೆರಿಕದ ಎಷ್ಟೋ ನಗರಗಳಲ್ಲಿ ತಿಂಗಳಿಗೆ ಸಾವಿರ ಡಾಲರ್ ದಾಟುತ್ತದೆ. ಮಗು ಶಾಲೆಗೆ ಸೇರಿದ ವರ್ಷ ಮನೆಗೆ ಹೊಸ ಟ್ರಕ್ ಬಂದರೆ ಯಾರಿಗೂ ಬಡ್ತಿ ಸಿಕ್ಕಿರಬೇಕೆಂದಿಲ್ಲ. ಸರ್ಕಾರಿ ಶಾಲೆಗೆ ಫೀಸ್ ಇಲ್ಲ, ಡೇ ಕೇರ್ ದುಡ್ಡು ಬಿಡುಗಡೆಯಾಯಿತು, ಅಷ್ಟೇ. ಐವತ್ತೈದು ದಾಟಿದವರಲ್ಲಿ ಒಳ್ಳೆಯ ಟ್ರಕ್ ಜಾಸ್ತಿ ಕಾಣುವುದಕ್ಕೂ ಇಂಥದೇ ಕಾರಣ. ಮಕ್ಕಳ ಓದು ಮುಗಿದಿರುತ್ತದೆ, ಮನೆ ಸಾಲ ತೀರುವ ಹಂತದಲ್ಲಿರುತ್ತದೆ. ಇಬ್ಬರೂ ದುಡಿಯುವ, ಮಕ್ಕಳಿಲ್ಲದ ಜೋಡಿಯ ಲೆಕ್ಕವಂತೂ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಚೌಕದ ಹಾಳೆ

ಇನ್ನು ಉಳಿದವರು, ಅಂದರೆ ಓವರ್‌ಟೈಮ್, ಬಿಸಿನೆಸ್, ಅಗ್ಗದ ಮನೆ ಸಾಲ ಯಾವುದೂ ಇಲ್ಲದೆ ಟ್ರಕ್ ಕೊಂಡವರು. ಇವರ ಸಂಖ್ಯೆ ಕಡಿಮೆ ಅಲ್ಲ.

ಅಮೆರಿಕದಲ್ಲಿ ಗಾಡಿ ಕೊಳ್ಳುವವರಿಗೆ ಹೇಳುವ ಒಂದು ಹಳೇ ಸೂತ್ರ ಇದೆ, 20-4-10. ಬೆಲೆಯ 20% ಕೈಯಿಂದ ಕಟ್ಟಿ, 4 ವರ್ಷಕ್ಕಿಂತ ಉದ್ದದ ಸಾಲ ಬೇಡ, ಗಾಡಿಯ ಖರ್ಚು ಆದಾಯದ 10% ದಾಟಬಾರದು. 80 ಸಾವಿರದ ಟ್ರಕ್ಕಿಗೆ ಇದನ್ನು ಹಿಡಿದು ನೋಡಿ. 16 ಸಾವಿರ ಮೊದಲೇ ಕಟ್ಟಬೇಕು. ಉಳಿದ 64 ಸಾವಿರಕ್ಕೆ 7% ಬಡ್ಡಿಯಲ್ಲಿ 48 ಕಂತು, ಒಂದೊಂದೂ ಸುಮಾರು 1,533 ಡಾಲರ್. ಇದು ಆದಾಯದ ಹತ್ತನೇ ಒಂದು ಪಾಲಾಗಬೇಕಾದರೆ ವರ್ಷದ ಆದಾಯ 1 ಲಕ್ಷದ 84 ಸಾವಿರ ಡಾಲರ್ ಇರಬೇಕು. ಇನ್ಶೂರೆನ್ಸ್, ಇಂಧನ, ಟೈರು ಇನ್ನೂ ಸೇರಿಸಿಲ್ಲ. ಮಧ್ಯಮ ಕುಟುಂಬದ ಆದಾಯ 83,730 ಅಂತ ಮೊದಲೇ ನೋಡಿದೆವು ಅಲ್ವಾ? ಸೂತ್ರಕ್ಕೂ ರಸ್ತೆಯಲ್ಲಿ ಕಾಣುವುದಕ್ಕೂ ನಡುವಿನ ಈ ದೊಡ್ಡ ಕಂದಕವನ್ನು ತುಂಬಿರುವುದು ಸಾಲದ ಅವಧಿ.

ಶೋರೂಮಿನ ಮೇಜಿಗೆ ಹೋಗಿ ಕೂತುಕೊಳ್ಳೋಣ. ಸೇಲ್ಸ್‌ಮನ್ ಒಂದು ಹಾಳೆ ತೆಗೆಯುತ್ತಾನೆ. ಅದರಲ್ಲಿ ನಾಲ್ಕು ಚೌಕ. ಒಂದರಲ್ಲಿ ನಿಮ್ಮ ಹಳೇ ಗಾಡಿಯ ಬೆಲೆ, ಒಂದರಲ್ಲಿ ಹೊಸ ಗಾಡಿಯ ಬೆಲೆ, ಒಂದರಲ್ಲಿ ಡೌನ್ ಪೇಮೆಂಟ್, ಕೊನೆಯದರಲ್ಲಿ ತಿಂಗಳ ಕಂತು. ಅವನು ಕೇಳುವ ಮೊದಲ ಪ್ರಶ್ನೆಯೇ, 'ತಿಂಗಳಿಗೆ ಎಷ್ಟು ಕಟ್ಟಬಹುದು ಅಂದುಕೊಂಡಿದ್ದೀರಿ?' ನೀವು ಒಂದು ಅಂಕಿ ಹೇಳಿದಿರಿ ಅಂದರೆ ಮಾತುಕತೆ ಪೂರ್ತಿ ಆ ಒಂದು ಚೌಕಕ್ಕೆ ಬಂದು ನಿಂತಿತು. ಕಂತು ಜಾಸ್ತಿ ಅಂದಿರಾ? ಅವಧಿಯನ್ನು 72 ತಿಂಗಳಿಂದ 84 ತಿಂಗಳಿಗೆ ಎಳೆದರೆ ಕಂತು ಇಳಿಯುತ್ತದೆ. ಗಾಡಿಯ ಬೆಲೆ ಒಂದು ಡಾಲರ್ ಕೂಡ ಇಳಿದಿರುವುದಿಲ್ಲ.

70 ಸಾವಿರ ಡಾಲರ್ ಸಾಲಕ್ಕೆ 7% ಬಡ್ಡಿಯಲ್ಲಿ 48 ತಿಂಗಳಾದರೆ ಕಂತು 1,676, ಒಟ್ಟು ಬಡ್ಡಿ ಹತ್ತೂವರೆ ಸಾವಿರ. 72 ತಿಂಗಳಾದರೆ ಕಂತು 1,193, ಬಡ್ಡಿ 16 ಸಾವಿರದ ಹತ್ತಿರ. 84 ತಿಂಗಳಾದರೆ ಕಂತು 1,056, ಬಡ್ಡಿ ಹದಿನೆಂಟು ಮುಕ್ಕಾಲು ಸಾವಿರ. 2025ರಿಂದ 2028ರವರೆಗೆ, ಅಮೆರಿಕದಲ್ಲೇ ಅಂತಿಮವಾಗಿ ಜೋಡಿಸಿದ ಹೊಸ ಗಾಡಿಗೆ ಕಟ್ಟುವ ಬಡ್ಡಿಯನ್ನು ವರ್ಷಕ್ಕೆ 10 ಸಾವಿರ ಡಾಲರ್‌ವರೆಗೆ ಆದಾಯದಿಂದ ಕಳೆಯಲು ಅವಕಾಶ ಇದೆ, ಆದಾಯದ ಮಿತಿಯೊಂದಿಗೆ. 7% ಬಡ್ಡಿಯಲ್ಲಿ 84 ತಿಂಗಳಿಗೆ 80 ಸಾವಿರ ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿ ಸುಮಾರು 5,300. 22% ತೆರಿಗೆ ಹಂತದವರಿಗೆ ಇದರಿಂದ ಉಳಿಯುವುದು 1,170 ಡಾಲರ್. ಹೆಚ್ಚುಕಡಿಮೆ ಒಂದು ತಿಂಗಳ ಕಂತು.

ಉದ್ದನೆಯ ಸಾಲದಲ್ಲಿ ಬಡ್ಡಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಒಬ್ಬರು ಕೈಯಿಂದ ಏನೂ ಕಟ್ಟದೆ ಪೂರ್ತಿ 80 ಸಾವಿರ ಸಾಲ ಮಾಡಿ 84 ತಿಂಗಳಿಗೆ ಟ್ರಕ್ ತಂದರು ಅಂದುಕೊಳ್ಳಿ. ಕಂತು 1,207. ಎರಡು ವರ್ಷದಲ್ಲಿ ಅವರು ಕಟ್ಟಿದ್ದು ಸುಮಾರು 29 ಸಾವಿರ. ಅದರಲ್ಲಿ ಅಸಲಿಗೆ ಹೋದದ್ದು 19 ಸಾವಿರ ಮಾತ್ರ. ಸಾಲ ಇನ್ನೂ 61 ಸಾವಿರ ಉಳಿದಿದೆ. ಎರಡು ವರ್ಷ ಓಡಿದ ಟ್ರಕ್ಕಿಗೆ 55 ಸಾವಿರ ಸಿಕ್ಕಿದರೆ, ಗಾಡಿ ಮಾರಿ ಕೈತೊಳೆದುಕೊಳ್ಳಲು ಅವರೇ 6 ಸಾವಿರ ತುಂಬಬೇಕು. ಅಲ್ಲಿನವರು ಇದನ್ನು 'ಅಪ್‌ಸೈಡ್ ಡೌನ್' ಅನ್ನುತ್ತಾರೆ. ಸಾಲ ಮೇಲೆ, ಗಾಡಿ ಕೆಳಗೆ.

ಆಗ ಶೋರೂಮಿನವರು ಒಂದು ದಾರಿ ತೋರಿಸುತ್ತಾರೆ. ಆ 6 ಸಾವಿರವನ್ನು ಹೊಸ ಟ್ರಕ್ಕಿನ ಸಾಲಕ್ಕೇ ಸೇರಿಸಿಬಿಡೋಣ ಅಂತ. ಹೊಸ ಗಾಡಿ ಮನೆಗೆ ಬರುತ್ತದೆ, ಹಳೇ ಗಾಡಿಯ ಸಾಲವೂ ಅದರ ಬೆನ್ನೇರಿ ಬರುತ್ತದೆ. ಹೀಗೆ ಎರಡು ಮೂರು ಸಲ ಮಾಡಿದವರ ಅಂಗಳದಲ್ಲಿ ಯಾವಾಗಲೂ ಹೊಸ ಟ್ರಕ್ಕೇ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಅದಕ್ಕೂ ಲೈನ್‌ಮನ್‌ನ ಟ್ರಕ್ಕಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಜವಾಗಿಯೂ ಕಳವಳ ಇದೆ. ಇಂಥ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ, ಒಂದು ಕೆಲಸ ಹೋದರೆ, ಆ ಟ್ರಕ್ಕನ್ನು ಮಾರಿದರೂ ಸಾಲ ತೀರುವುದಿಲ್ಲ.

ಮೊದಲನೇ ಟ್ರಕ್ ಅಲ್ಲ

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ನಿಶ್ಚಿಂತೆಯಿಂದ 80 ಸಾವಿರದ ಟ್ರಕ್ ಓಡಿಸುವವರಿಗೆ ಸಾಮಾನ್ಯವಾಗಿ ಅದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಮೊದಲನೆಯದು ಎಲ್ಲೋ ಸಿಕ್ಕ ಹಳೇ ಗಾಡಿ. ಎರಡನೆಯದು ಇನ್ನೊಬ್ಬರು ಮೂರು ವರ್ಷ ಓಡಿಸಿ, ಬೆಲೆ ಇಳಿಯುವ ಪೆಟ್ಟನ್ನು ತಾವೇ ತಿಂದು ಬಿಟ್ಟ ಟ್ರಕ್. ಪಿಕಪ್‌ಗಳಲ್ಲಿ ಕೆಲವು, ಮುಖ್ಯವಾಗಿ ಟೊಯೋಟಾ ಟಕೋಮಾದಂಥವು, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲೂ ಬೆಲೆ ಉಳಿಸಿಕೊಳ್ಳುತ್ತವೆ. ಹಾಗಾಗಿ ಸಾಲ ತೀರಿದ ಹಳೇ ಟ್ರಕ್ ಅನ್ನುವುದು ಒಂದು ಆಸ್ತಿಯಂತೆಯೇ. ಅದನ್ನು ಶೋರೂಮಿಗೆ ಕೊಟ್ಟು ಹೊಸದು ತಂದರೆ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಾರಾಟ ತೆರಿಗೆ ಬೀಳುವುದು ಎರಡರ ಬೆಲೆಯ ವ್ಯತ್ಯಾಸಕ್ಕೆ ಮಾತ್ರ.

ಇವರಲ್ಲಿ ಅನೇಕರಿಗೆ ಒಂದು ಅಭ್ಯಾಸ ಇರುತ್ತದೆ. ಆರು ವರ್ಷದ ಸಾಲ ತೀರಿದ ಮೇಲೂ ಅದೇ ಟ್ರಕ್ ಓಡಿಸುತ್ತಾರೆ. ಕಂತನ್ನೂ ನಿಲ್ಲಿಸುವುದಿಲ್ಲ. ಬ್ಯಾಂಕಿಗೆ ಹೋಗುತ್ತಿದ್ದ 1,193 ಡಾಲರ್ ಅದೇ ತಾರೀಖಿಗೆ ತಮ್ಮದೇ ಇನ್ನೊಂದು ಖಾತೆಗೆ ಹೋಗುತ್ತದೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ 57 ಸಾವಿರ ಕೂಡಿರುತ್ತದೆ, ಬಡ್ಡಿ ಬೇರೆ. ಹತ್ತು ವರ್ಷದ ಹಳೇ ಟ್ರಕ್ಕಿಗೂ ಒಂದಿಷ್ಟು ಸಾವಿರ ಹುಟ್ಟುತ್ತದೆ. ಆ ದಿನ ಅವರು ಶೋರೂಮಿನ ಮೇಜಿನ ಮುಂದೆ ಕೂತಾಗ ಸೇಲ್ಸ್‌ಮನ್ ನಾಲ್ಕು ಚೌಕದ ಹಾಳೆ ತೆಗೆದು, ತಿಂಗಳಿಗೆ ಎಷ್ಟು ಕಟ್ಟಬಹುದು ಅಂತ ಕೇಳುತ್ತಾನೆ. ಅವರು ತಿಂಗಳ ಮಾತೇ ಆಡುವುದಿಲ್ಲ. ತೆರಿಗೆ, ನೋಂದಣಿ ಎಲ್ಲ ಸೇರಿ ಗಾಡಿ ಗೇಟು ದಾಟುವ ಬೆಲೆ ಎಷ್ಟು ಅಂತ ಕೇಳುತ್ತಾರೆ.